ನನ್ನ ತಲೆದೂಗಾಟದ ಪರೀಕ್ಷೆ

ತಿಳಿಯದಿದ್ದರೂ ತಲೆದೂಗುವುದು ಒಂದು ವಿದ್ಯೆ. ಕುಂದಗೋಳದಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಅದಿಲ್ಲದೆ ನಡೆಯುವುದಿಲ್ಲ. ಗಿರಾಕಿ ‘ಈ ಬಣ್ಣ ಹೋಗತೈತ್ರಿ’ ಅಂದರೂ ತೂಗಬೇಕು, ಅವನ ಹೆಂಡತಿ ‘ಹೋಗಂಗಿಲ್ಲ’ ಅಂದರೂ ತೂಗಬೇಕು. ಸಂಗೀತದ ಬೈಠಕ್ಕಿನಲ್ಲಂತೂ ರಾಗ ಯಾವುದೆಂದು ಇಂದಿಗೂ ನನಗೆ ಗೊತ್ತಾಗುವುದಿಲ್ಲ. ಬಾಜೂದವರು ತೂಗಿದಾಗ ತೂಗುತ್ತೇನೆ. ಹೀಗಾಗಿ ಊರಲ್ಲಿ ನಾನು ದೊಡ್ಡ ರಸಿಕ.

ಮೊನ್ನೆ ಈ ವಿದ್ಯೆ ಕೈಕೊಟ್ಟಿತು. ಮಗಳು ದಾನೇಶ್ವರಿ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ತಾನು ಕಲಿತ ಕನ್ನಡ ಶಾಲೆಯಲ್ಲಿ ತನ್ನ ಕೆಲಸದ ಬಗ್ಗೆ ಮಾತಾಡಲು ಅವಳಿಗೆ ಕರೆ ಬಂದಿತ್ತು. ಅದನ್ನೆಲ್ಲ ಕನ್ನಡದಲ್ಲಿ ಎಂದೂ ಹೇಳಿದವಳಲ್ಲ. ಮಕ್ಕಳು ಪಿಳಿಪಿಳಿ ನೋಡಿದರೆ ಗತಿಯೇನು ಎಂದು ದಿಗಿಲು. ‘ಅಪ್ಪಾ, ನಿನಗ ತಿಳದ್ರ ಎಲ್ಲಾರಿಗೂ ತಿಳದಂಗ’ ಎಂದು ನನ್ನನ್ನು ಎದುರಿಗೆ ಕೂಡಿಸಿಕೊಂಡಳು. ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವಂತೆ, ಕೊಳೆತ ಮೊಟ್ಟೆಯ ವಾಸನೆಯಂತೆ. ಲಿಂಗ ಕಟ್ಟಿದ ಮನೆತನ ನಮ್ಮದು. ಒಳ್ಳೆಯ ಮೊಟ್ಟೆಯೇ ಹೊಸ್ತಿಲು ದಾಟಿಲ್ಲ, ಕೊಳೆತದ್ದು ಎಲ್ಲಿಂದ ಬರಬೇಕು? ಆದರೂ ತೂಗಿದೆ. ಈ ವಿಷಾನಿಲ ನಮ್ಮ ಜೀವಕೋಶಗಳಲ್ಲೇ ಚೂರು ಹುಟ್ಟುತ್ತದಂತೆ, ಅಷ್ಟು ದೇಹಕ್ಕೆ ಬೇಕಂತೆ. ವಿಷವಾದರೆ ಬೇಕೇಕೆ, ಬೇಕಾದರೆ ವಿಷ ಹೇಗೆ? ಅದಕ್ಕೂ ತೂಗಿದೆ. ಅದನ್ನು ಹುಡುಕಲು ಮಗಳು ಒಂದು ಬಣ್ಣ ಮಾಡಿದ್ದಾಳೆ. ಜೀವಂತ ಕೋಶದೊಳಗೆ ಬಿಟ್ಟರೆ ಸುಮ್ಮನಿರುತ್ತದೆ; ಆ ಅನಿಲ ತಾಗಿದಾಗ ಮಾತ್ರ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತದೆ. ನನ್ನ ತಲೆ ತೂಗುತ್ತಲೇ ಇತ್ತು.

ಆಕೆ ನನ್ನನ್ನೇ ದಿಟ್ಟಿಸಿ, ‘ಗ್ಯಾಸ್ ಇರಲಿಲ್ಲಂದ್ರ ಇನ್ನೂ ಜೋರ ಹೊಳಿತೈತಿ’ ಎಂದಳು.

‘ಅಗದಿ ಖರೆ’ ಎಂದೆ.

‘ಅಪ್ಪಾ, ನಿನ್ನ ಪರೀಕ್ಷಾ ಮಾಡಾಕ ಸುಳ್ಳ ಹೇಳಿದೆ. ಎಲ್ಲಾದಕ್ಕೂ ಹೊಳಿಯೋ ಬಣ್ಣ ನಮಗ ಉಪಯೋಗಿಲ್ಲ, ಚೆಲ್ಲತೇವಿ.’

ಒಳಗಿನಿಂದ ನನ್ನ ಹೆಂಡತಿ, ‘ಇವರನ್ನ ಚೆಲ್ಲಾಕ ಬರೂದಿಲ್ಲ ಯವ್ವಾ, ಮನೀ ಯಜಮಾನ್ರು’ ಎಂದಳು.

ನಗುತ್ತಲೇ ಮಗಳ ಮುಖ ಸಣ್ಣದಾಯಿತು. ಅಪ್ಪನಿಗೇ ತಿಳಿಯದ್ದು ಮಕ್ಕಳಿಗೆ ಹೇಗೆ ತಿಳಿದೀತು? ನನಗೆ ನಿಜಕ್ಕೂ ನಾಚಿಕೆಯಾಯಿತು. ಶಾಲೆಯಲ್ಲಿ ತಿಳಿಯದೆ ತಲೆದೂಗುವುದಿಲ್ಲ ಎಂದು ಮಾತು ಕೊಟ್ಟೆ. ಅದರಂತೆ ಮುಂದಿನ ಸಾಲಿನಲ್ಲಿ ಕಲ್ಲಿನಂತೆ ಕುಳಿತೆ. ಆಕೆ ನನ್ನತ್ತ ನೋಡುವಳು, ತಲೆ ಅಲುಗದ್ದು ಕಂಡು ಅದನ್ನೇ ಇನ್ನಷ್ಟು ಬಿಡಿಸಿ ಹೇಳುವಳು. ಹೀಗೆ ನನ್ನ ಸಲುವಾಗಿ ಬಿಡಿಸಿ ಬಿಡಿಸಿ, ಕೊನೆಗೆ ಇಡೀ ಶಾಲೆಗೆ ತಿಳಿಯಿತು. ಮಕ್ಕಳು ಪ್ರಶ್ನೆಗಳ ಸುರಿಮಳೆಗರೆದರು. ತಿಳಿಯದೆ ಉಳಿದವನು ನಾನೊಬ್ಬನೇ.

ಹೊರಡುವಾಗ ಹೆಡ್‌ಮಾಸ್ತರರು ನನ್ನ ಕೈ ಹಿಡಿದು, ‘ಭಾಳ ಛಲೋ ಹೇಳಿದ್ರು ನಿಮ್ಮ ಮಗಳು. ನಿಮಗೆಲ್ಲಾ ತಿಳೀತಲ್ರಿ?’ ಎಂದರು. ಮಗಳು ಪಕ್ಕದಲ್ಲೇ ನಿಂತು ನನ್ನನ್ನು ನೋಡುತ್ತಿದ್ದಳು. ಅಷ್ಟರಲ್ಲಿ ತಲೆ ಆಗಲೇ ತೂಗಿಯಾಗಿತ್ತು.