ಎಣ್ಣೆಯಿಲ್ಲದ ತಟ್ಟೆಯಲ್ಲಿ ದಯಮಾಡಿ ಬೆಳೆಯಿರಿ

ನನ್ನ ಅಕ್ಕನ ಎಡ ಹಿಮ್ಮಡಿಯ ಹುಣ್ಣಿನಲ್ಲಿ ಖಾಯಂ ವಾಸವಿದ್ದು, ಹಾಲಿ ಆಸ್ಪತ್ರೆಯ ಮೂರನೇ ಮಹಡಿಯ ಪರೀಕ್ಷಾ ಕೋಣೆಯಲ್ಲೂ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳ ಸಮಸ್ತ ಕುಟುಂಬಕ್ಕೆ,

ಮಾನ್ಯರೇ,

ಆ ಕೋಣೆಯಲ್ಲಿ ಗಾಜಿನ ತಟ್ಟೆ ತೊಳೆಯುವವಳ ನಮಸ್ಕಾರಗಳು. ನನ್ನ ಕ್ಷೇಮ ಅಷ್ಟಕ್ಕಷ್ಟೇ. ತಮ್ಮ ಕ್ಷೇಮ ಅಕ್ಕನ ಬ್ಯಾಂಡೇಜು ಬಿಚ್ಚಿದಾಗಲೆಲ್ಲ ಕಣ್ಣಿಗೆ ಕಾಣುತ್ತಿದೆ. ತಾವು ಕೋಟಿಗಟ್ಟಲೆ ಇರುವುದರಿಂದ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕೈಮುಗಿಯಲಾಗಲಿಲ್ಲ, ತಪ್ಪು ತಿಳಿಯಬಾರದು.

ಐದು ತಿಂಗಳಲ್ಲಿ ಎರಡು ಬಗೆಯ ಮಾತ್ರೆ, ಎರಡು ಬಗೆಯ ಇಂಜೆಕ್ಷನ್ನುಗಳನ್ನು ನುಂಗಿ ನೀರು ಕುಡಿದ ತಮ್ಮ ಜೀರ್ಣಶಕ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ನನಗೋ ತಲೆನೋವಿನ ಅರ್ಧ ಮಾತ್ರೆಯೂ ದಕ್ಕುವುದಿಲ್ಲ.

ಔಷಧಿಗೆ ಬಗ್ಗದ ತಮ್ಮನ್ನು ಗಿಡಮರಗಳ ಎಣ್ಣೆಯಾದರೂ ಬಗ್ಗಿಸೀತೇ ಎಂದು ನೋಡುತ್ತಿರುವವರು ನಮ್ಮ ಡಾಕ್ಟರಮ್ಮ. ಹತ್ತಿಕಡ್ಡಿಯ ತುದಿಯಲ್ಲಿ ತಮ್ಮನ್ನು ಅಕ್ಕನ ಕಾಲಿನಿಂದ ಕರೆತಂದು, ತಟ್ಟೆಯ ಮೇಲೆ ಹರಡಿ, ಲವಂಗದ್ದೋ ದಾಲ್ಚಿನ್ನಿಯದೋ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು, ಬೆಚ್ಚನೆಯ ಪೆಟ್ಟಿಗೆಯಲ್ಲಿ ಒಂದು ದಿನ ಮಲಗಿಸುತ್ತಾರೆ. ತಾವು ಸತ್ತಲ್ಲಿ ಬಿಲ್ಲೆಯ ಸುತ್ತ ಬೋಳು ಜಾಗ ಉಳಿಯುತ್ತದೆ. ಇದನ್ನು ಕೇಳಿ ಅಕ್ಕ ತನಗೂ ಒಂದು ಸೀಸೆ ತಂದುಕೊಡೆಂದು ಹಟ ಹಿಡಿದಳು. ಡಾಕ್ಟರಮ್ಮ ಬೇಡವೇ ಬೇಡ ಎಂದರು. ಹಸಿ ಗಾಯಕ್ಕೆ ಸುರಿದರೆ ಚರ್ಮವೇ ಸುಡುತ್ತದಂತೆ, ತಟ್ಟೆಯಲ್ಲಿ ಸತ್ತದ್ದು ಕಾಲಿನಲ್ಲೂ ಸಾಯುತ್ತದೆಂದು ತಿಳಿಯಲು ವರ್ಷಗಳೇ ಬೇಕಂತೆ.

ಇನ್ನು ನನ್ನ ತಪ್ಪಿನ ವಿಷಯ. ನಾನು ಮೊದಲೇ ಪುಕ್ಕಲು. ತಾವು ಪೆಟ್ಟಿಗೆಯ ಬಾಗಿಲ ಸಂದಿನಿಂದ ನುಸುಳಿ, ನನ್ನ ಚಪ್ಪಲಿ ಹತ್ತಿ, ಮನೆಗೆ ಬಂದು, ಅಕ್ಕನ ಬಲಗಾಲನ್ನೂ ಹಿಡಿದರೆ ಗತಿಯೇನೆಂದು ಹೆದರಿ, ಕಾವಲಿಗಿರಲಿ ಎಂದು ದಾಲ್ಚಿನ್ನಿ ಎಣ್ಣೆಯಲ್ಲಿ ತೊಯ್ದ ಹತ್ತಿಯುಂಡೆಯೊಂದನ್ನು ಆ ಪೆಟ್ಟಿಗೆಯ ಮೂಲೆಯಲ್ಲಿ, ಯಾರಿಗೂ ಕಾಣದಂತೆ ತುರುಕಿದೆ. ಮರುದಿನ ತಟ್ಟೆಗಳೆಲ್ಲ ಬೋಳು. ನನಗೆ ಹಿಗ್ಗೋ ಹಿಗ್ಗು. ಡಾಕ್ಟರಮ್ಮನ ಮುಖ ಮಾತ್ರ ಸಪ್ಪಗಾಯಿತು. ಎಣ್ಣೆಯೇ ಇಲ್ಲದ ಒಂದು ತಟ್ಟೆಯನ್ನು ಅವರು ಬೇಕೆಂದೇ ಇಡುತ್ತಾರೆ. ಅದರಲ್ಲಿ ತಾವು ಚೆನ್ನಾಗಿ ಬೆಳೆದರೆ ತಾನೇ ಉಳಿದವುಗಳಲ್ಲಿ ಕೊಂದದ್ದು ಎಣ್ಣೆ ಎನ್ನಬಹುದು? ಅದೂ ಬೋಳಾಗಿತ್ತು. ಎರಡನೆಯ ಸಲವೂ ಹಾಗೇ ಆಯಿತು. ಗುರುವಾರ ಬಂದು ನೋಡುತ್ತೇನೆ, ಆಗಲೂ ಹೀಗೇ ಇದ್ದರೆ ಈ ಕೆಲಸವನ್ನು ಇಲ್ಲಿಗೇ ನಿಲ್ಲಿಸಿ ಎಂದು ಆಸ್ಪತ್ರೆಯ ದೊಡ್ಡ ಸಾಹೇಬರು ಹೇಳಿಕಳಿಸಿದರು.

ಎರಡು ದಿನ ತೊಳೆದ ತಟ್ಟೆಗಳನ್ನೇ ಮತ್ತೆ ಮತ್ತೆ ತೊಳೆದೆ. ಮೂರನೆಯ ದಿನ ಪೆಟ್ಟಿಗೆಯಿಂದ ಹತ್ತಿಯುಂಡೆ ತೆಗೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ.

"ನೀನು ಸಾಯಿಸಿದ್ದು ಅವುಗಳನ್ನಲ್ಲಮ್ಮ, ನನ್ನ ಸಾಕ್ಷೀನ" ಎಂದರು. ಉಂಡೆಯನ್ನು ಎತ್ತಿ ಮೂಸಿದರು. ಆಮೇಲೆ ಪುಸ್ತಕ ತೆರೆದು, "ಮುಟ್ಟದೇನೇ, ಬರೀ ಆವಿಗೇ ಸತ್ತಿದಾವಲ್ಲ. ಎಷ್ಟು ಹನಿ ಹಾಕಿದ್ದೆ?" ಎಂದು ಕೇಳಿದರು. ಭಯದಲ್ಲಿ ಹನಿ ಎಣಿಸುವವರು ಯಾರು ಸ್ವಾಮಿ?

ಪೆಟ್ಟಿಗೆಯನ್ನು ಒರೆಸಿ, ಎರಡು ದಿನ ಬಾಗಿಲು ತೆರೆದಿಟ್ಟು, ಹೊಸ ತಟ್ಟೆ ಹೂಡಿದ್ದೇವೆ. ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಗುರುವಾರ ಬೆಳಿಗ್ಗೆಯೊಳಗೆ ಎಣ್ಣೆಯಿಲ್ಲದ ತಟ್ಟೆಯಲ್ಲಿ ಬಂಧುಬಳಗ ಸಮೇತ ದಟ್ಟವಾಗಿ ನೆಲೆಸಬೇಕು; ಎಣ್ಣೆಯ ತಟ್ಟೆಗಳಲ್ಲಿ ಬಿಲ್ಲೆಯ ಸುತ್ತ, ಸಾಹೇಬರು ಅಳತೆಪಟ್ಟಿ ಇಡಲು ಅನುಕೂಲವಾಗುವಂತೆ ದುಂಡಗೆ ಸಾಯಬೇಕು; ಅದೇ ಹೊತ್ತಿಗೆ ಅಕ್ಕನ ಹಿಮ್ಮಡಿಯನ್ನು ಖಾಲಿ ಮಾಡಿಕೊಡಲು ಸಾಧ್ಯವೇ ಎಂದೂ ಆಲೋಚಿಸಬೇಕು. ತಮ್ಮ ಆಯಸ್ಸಿಗಾಗಿ ನಾನು ಹೀಗೆ ಹಲುಬುವುದನ್ನು ಕೇಳಿದ ಅಕ್ಕ, "ನನ್ನ ಕಾಲು ತಿಂದೋವಕ್ಕೆ ಉಪಚಾರ ಬೇರೆ ಮಾಡ್ತೀಯೇನೇ?" ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ಅವಳಿಗೆ ಸಮಾಧಾನ ಹೇಳುವ ಭಾರವೂ ತಮ್ಮದೇ.

ತಮ್ಮ ವಿಶ್ವಾಸಿ,
ತಟ್ಟೆ ತೊಳೆಯುವವಳು

ವಿ.ಸೂ.: ಸಾಹೇಬರು ನೋಡಿ ಹೋದ ಮೇಲೆ ತಮ್ಮನ್ನು ತಟ್ಟೆ ಸಮೇತ ಹಬೆಯ ಕುಕ್ಕರಿಗೆ ಹಾಕಿ, ಮುಚ್ಚಳ ಬಿಗಿಯುವ ಕೆಲಸ ನನ್ನದೇ. ಅದರೊಳಗೆ ಹೋದವರು ಯಾರೂ ಇದುವರೆಗೆ ದೂರು ಬರೆದಿಲ್ಲ. ಅಲ್ಲಿಯವರೆಗೆ ಆರೋಗ್ಯ ನೋಡಿಕೊಳ್ಳಿ.