ಸೊಪ್ಪು ಮುಂದಿಟ್ಟು ಸಬ್ಜೆಕ್ಟ್ ಹೇಳುವ ನಮ್ಮ ಅತ್ತೆ

ನಮ್ಮ ಸೋದರತ್ತೆ ಇದುವರೆಗೆ ಇಬ್ಬರು ಡಾಕ್ಟರು, ಒಬ್ಬ ಲಾಯರು, ಮೂವರು ನರ್ಸು, ಒಬ್ಬ ಲೈನ್‌ಮನ್ ಮತ್ತು ಒಬ್ಬ ಹೈಸ್ಕೂಲು ಮೇಷ್ಟ್ರನ್ನು ತಯಾರು ಮಾಡಿದ್ದಾರೆ. ಹೆತ್ತಲ್ಲ ಸ್ವಾಮಿ, ಬರೀ ನೋಡಿ! ಓದಿದ್ದು ಏಳನೇ ಕ್ಲಾಸು. ಆದರೂ ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಹಬ್ಬಿರುವ ನಮ್ಮ ನೆಂಟರಿಷ್ಟರಲ್ಲಿ, ಹತ್ತನೇ ಕ್ಲಾಸು ಮುಗಿಸಿದ ಯಾವ ಮಗುವೂ ಅತ್ತೆಯ ಅಪ್ಪಣೆಯಿಲ್ಲದೆ ಪಿಯುಸಿ ಫಾರಂ ತುಂಬುವ ಹಾಗಿಲ್ಲ.

ಇದರಿಂದ ನನಗಾಗುವ ಅವಮಾನ ನಿಮಗೆ ಅರ್ಥವಾಗಬೇಕಾದರೆ ಇನ್ನೊಂದು ವಿಷಯ ಹೇಳಬೇಕು. ಮೇಲೆ ಹೇಳಿದ ಹೈಸ್ಕೂಲು ಮೇಷ್ಟ್ರು ನಾನೇ. ಹತ್ತನೇ ಕ್ಲಾಸಿನ ಮಕ್ಕಳಿಗೆ ಮುಂದೇನು ಓದಬೇಕೆಂದು ತಿಳಿಸಿ ಹೇಳುವ ಕೆಲಸವನ್ನು ನಮ್ಮ ಶಾಲೆಯಲ್ಲಿ ನನಗೇ ವಹಿಸಿದ್ದಾರೆ. ಅದಕ್ಕಾಗಿ ತರಬೇತಿ ಪಡೆದಿದ್ದೇನೆ. ಸರ್ಟಿಫಿಕೇಟು ಇದೆ. ಸೈನ್ಸು, ಕಾಮರ್ಸು, ಆರ್ಟ್ಸು ಎಂದು ಬಾಣದ ಗುರುತು ಹಾಕಿದ ಬಣ್ಣಬಣ್ಣದ ಚಾರ್ಟು ಇದೆ! ಮಕ್ಕಳು ಚಾರ್ಟನ್ನು ಬಹಳ ಭಕ್ತಿಯಿಂದ ನೋಡಿ, "ಆಯ್ತು ಸಾರ್, ನಿಮ್ಮತ್ತೇನ ಒಂದ್ ಮಾತು ಕೇಳ್ಬುಟ್ಟು ಬತ್ತೀವಿ" ಎಂದು ಹೊರಟುಬಿಡುತ್ತವೆ.

ಅತ್ತೆಯದು ತಂಬಾಕಿನ ಮನೆ. ಹೊಲದಲ್ಲಿ ಬೆಳೆದು, ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಹದವಾಗಿ ಬೇಯಿಸಿದ ಸೊಪ್ಪನ್ನು ಹರಾಜಿಗೆ ಒಯ್ಯುವ ಮೊದಲು ಒಂದೊಂದೇ ಎಲೆ ನೋಡಿ ಗ್ರೇಡ್ ಮಾಡಬೇಕು. ಹಳದಿಯದು ಒಂದು ಕಡೆ, ಕಿತ್ತಳೆ ಬಣ್ಣದ್ದು ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ. ಅತ್ತೆ ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಸವರಿ, ಒಂದು ಸಲ ಮೂಸಿದರೆ ಮುಗಿಯಿತು. ಹರಾಜಿಗೆ ಬರುವ ದೊಡ್ಡ ದೊಡ್ಡ ಖರೀದಿದಾರರೂ ಆಮೇಲೆ ತುಟಿ ಬಿಚ್ಚುವುದಿಲ್ಲ.

ಈ ಕೆಲಸ ಜೋರಾಗಿ ನಡೆಯುವುದು ದಸರಾ ರಜೆಯ ಹೊತ್ತಿಗೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಅಪ್ಪ ಅಮ್ಮಂದಿರು ಆಗಲೇ ಕರೆತರುತ್ತಾರೆ. ಅತ್ತೆ ಪ್ರಶ್ನೆ ಕೇಳುವುದಿಲ್ಲ, ಮಾರ್ಕ್ಸ್ ಕಾರ್ಡ್ ಮುಟ್ಟುವುದಿಲ್ಲ. ಚಪ್ಪರದಡಿ ಕೂರಿಸಿ, ಮುಂದೆ ಒಂದು ಹಿಡಿ ಸೊಪ್ಪು ಹಾಕಿ, "ಒಸಿ ಬಿಡ್ಸಿಕೊಡು ಕಂದ" ಎನ್ನುತ್ತಾರೆ. ಅರ್ಧ ಗಂಟೆ ಸಾಕು. ಎಲೆಯ ಮೇಲಿನ ಚುಕ್ಕೆ ಯಾಕೆ ಬಂತೆಂದು ಹರಿದು ನೋಡಿದವನು ಸೈನ್ಸು. ಪಕ್ಕದವರದು ಎಷ್ಟಾಯಿತೆಂದು ಎಣಿಸಿದವಳು ಕಾಮರ್ಸು. ಕೆಲಸ ಬಿಟ್ಟು ಕುಂಟುತ್ತಿದ್ದ ಸ್ಟೂಲಿನ ಕಾಲು ರಿಪೇರಿ ಮಾಡಿದವನು ಐಟಿಐ. ಆ ಲೈನ್‌ಮನ್ ಅವನೇ! ನಾನು ಹುಡುಗನಾಗಿದ್ದಾಗ ಎಲೆಗಳನ್ನು ಸಾಲಾಗಿ ಜೋಡಿಸಿ, ಪಕ್ಕದ ಹುಡುಗರು ಜೋಡಿಸಿಲ್ಲವೆಂದು ಬೈದಿದ್ದೆನಂತೆ. "ಇವ್ನು ಮೇಷ್ಟ್ರು ಕಣ್ಲಾ, ಬ್ಯಾರೆ ಏನೂ ಆಗಕಿಲ್ಲ" ಎಂದು ನಮ್ಮಪ್ಪನಿಗೆ ಅಲ್ಲೇ ಹೇಳಿದ್ದರು.

ಒಮ್ಮೆ ಪಿರಿಯಾಪಟ್ಟಣದ ಕಡೆಯ ನೆಂಟರೊಬ್ಬರು ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಡಾಕ್ಟರು ಮಾಡಿಯೇ ಸಿದ್ಧ ಎಂಬ ಹಟ. ಹುಡುಗ ಮೂರನೇ ಎಲೆ ಎತ್ತಿದ್ದೇ ತಡ, ಅದರಡಿಯಿಂದ ಒಂದು ಪುಟ್ಟ ಹುಳ ಇಣುಕಿತು. ಅವನು ಚಪ್ಪರ ದಾಟಿ, ಅಂಗಳ ದಾಟಿ, ರಸ್ತೆಗೆ ಹೋಗಿ ನಿಂತ!

"ಇವ್ನ ಡಾಕ್ಟ್ರು ಮಾಡುದ್ರೆ ರೋಗಿನೇ ಇವ್ನ ಕೈ ಇಡ್ಕೊಂಡು ಕೂರ್ಬೇಕಾಯ್ತದೆ, ಬುಡಪ್ಪ" ಎಂದರು ಅತ್ತೆ. ಹುಡುಗ ಕಾಮರ್ಸ್ ಸೇರಿ ಸುಖವಾಗಿದ್ದಾನೆ.

ಕೆ.ಆರ್. ನಗರದ ಕಡೆ ಭೇರ್ಯದಲ್ಲಿರುವ ಒಬ್ಬ ತಾಯಿ ಬರಲಾಗದೆ ವಿಡಿಯೋ ಕಾಲ್ ಮಾಡಿದಳು. ಅದು ಭತ್ತದ ಸೀಮೆ, ಸೊಪ್ಪಿಗೆಲ್ಲಿ ಹೋಗುವುದು? ಅತ್ತೆ ಸೋಲಲಿಲ್ಲ. ಹುಡುಗನ ಮುಂದೆ ಒಂದು ಸೇರು ಕಡಲೆಕಾಯಿ ಸುರಿಸಿ ಸುಲಿಯಲು ಹೇಳಿದರು. ಅರ್ಧ ಗಂಟೆಯಾದ ಮೇಲೆ ನೋಡಿದರೆ ಸಿಪ್ಪೆ ಬೆಟ್ಟದಷ್ಟು, ಬೀಜ ಬೊಗಸೆಯಷ್ಟೂ ಇಲ್ಲ.

"ಹೋಟ್ಲು ಕೆಲ್ಸ ಕಲ್ಸವ್ವ, ರುಚಿ ಗೊತ್ತು ಇವ್ನಿಗೆ. ಆದ್ರೆ ಹೋಟ್ಲು ಮಾತ್ರ ಬ್ಯಾರೆಯೋರ್ದಾಗಿರ್ಲಿ!"

ಹೀಗೆ ನಗುತ್ತಾ ಇದ್ದ ನನ್ನ ಕಾಲ ಬುಡಕ್ಕೂ ಕಳೆದ ದಸರಾದಲ್ಲಿ ನೀರು ಬಂತು. ನನ್ನ ಮಗಳು ಹತ್ತನೇ ಕ್ಲಾಸಿಗೆ ಬಂದಿದ್ದಳು. ಜಾಣೆ. ಸೈನ್ಸು ಓದಿಸುವುದೆಂದು ನಾನು ಅವಳ ನಾಮಕರಣದ ದಿನವೇ ತೀರ್ಮಾನಿಸಿದ್ದೆ. ಅತ್ತೆ ಅವಳ ಮುಂದೂ ಒಂದು ಹಿಡಿ ಸೊಪ್ಪು ಹಾಕಿದರು.

ಅವಳು ಒಂದೆಲೆಯನ್ನೂ ಬಿಡಿಸಲಿಲ್ಲ! ಒಂದನ್ನು ಮೂಗಿನಡಿ ಮೀಸೆಯಂತೆ ಹಿಡಿದು ಹರಾಜಿನ ಖರೀದಿದಾರನ ಹಾಗೆ ಸೊಪ್ಪಿನ ಬೇಲುಗಳ ನಡುವೆ ಬೀಗುತ್ತಾ ನಡೆದಳು. ಇನ್ನೊಂದನ್ನು ಬೆಳಕಿಗೆ ಹಿಡಿದು ಅತ್ತೆಯ ಹಾಗೇ ಮೂಸಿದಳು. ಕೆಲಸದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕೊನೆಗೆ, ಯುಗಾದಿಯಲ್ಲಿ ಊರವರು ಆಡಿದ್ದ ಪೌರಾಣಿಕ ನಾಟಕದ ದ್ರೌಪದಿಯಾದಳು. ಮೊಬೈಲಿನಲ್ಲಿ ನೋಡಿ ನೋಡಿ ಕಲಿತಿದ್ದಳಂತೆ. "ಸಭಿಕರೇ, ನನ್ನನ್ನು ಪಣಕ್ಕಿಡುವ ಮುನ್ನ..." ಎಂದು ಕೈ ಎತ್ತಿದವಳು ಮುಂದಿನ ಮಾತು ಮರೆತು ನಿಂತಳು. ಒಂದು ಗಳಿಗೆಯಾದ ಮೇಲೆ ನೆನಪಾದವಳಂತೆ ಮುಂದುವರಿಸಿದಳು.

"ಇವ್ಳಿಗೆ ನಾಟ್ಕ" ಎಂದರು ಅತ್ತೆ.

"ನಾಟಕ ಪಿಯುಸಿ ಫಾರಂನಲ್ಲೇ ಇಲ್ಲ ಅತ್ತೆ!"

"ಇಲ್ದಿದ್ರೆ ಬರ್ಕೊ. ಪೆನ್ನಿಲ್ವ ನಿನ್ತಾವ?"

ನಾನು ಮೇಷ್ಟ್ರ ಗತ್ತಿನಲ್ಲಿ ವಿವರಿಸಿದೆ: ಈಗ ಆರ್ಟ್ಸ್ ಓದಬೇಕು, ಆಮೇಲೆ ಮೈಸೂರಿಗೆ ಹೋದರೆ ಬಿ.ಎ.ಯಲ್ಲಿ ನಾಟಕ ಸಿಗುತ್ತದೆ, ಅದೆಲ್ಲ ನಮ್ಮಂಥವರಿಗಲ್ಲ. "ದಾರಿ ನಿಂಗೇ ಗೊತ್ತದಲ್ಲ, ಇನ್ನೇನು?" ಎಂದು ಅತ್ತೆ ಮುಂದಿನ ಎಲೆ ಎತ್ತಿಕೊಂಡರು.

ಬೇಸಿಗೆಯಲ್ಲಿ ರಿಸಲ್ಟ್ ಬಂತು. ಒಳ್ಳೆಯ ಮಾರ್ಕ್ಸು. ನಾನು ಯಾರಿಗೂ ಹೇಳದೆ ಸೈನ್ಸ್ ಫಾರಂ ತುಂಬಿ, ಮಗಳನ್ನು ಕರೆದುಕೊಂಡು ಹುಣಸೂರಿನ ಕಾಲೇಜಿನ ಕ್ಯೂನಲ್ಲಿ ನಿಂತೆ. ನಮ್ಮ ಮುಂದೆ ಇನ್ನು ನಾಲ್ಕೇ ಜನ ಎನ್ನುವಾಗ, ನೋಡುತ್ತೇನೆ, ಗೇಟಿನಲ್ಲಿ ಅತ್ತೆ! ಬಸ್ಸಿಳಿದು ಏದುಸಿರು ಬಿಡುತ್ತಾ ಬರುತ್ತಿದ್ದಾರೆ. ಮಗಳು ತನ್ನ ಈ ಅಜ್ಜಿಗೆ ಫೋನ್ ಮಾಡಿದ್ದಳು.

"ಏನ್ಲಾ ಬರ್ದಿದೀಯ ಅದ್ರಲ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಂದುಬಿಟ್ಟೆ: "ನಿಮಗೇನು ಗೊತ್ತು ಅತ್ತೆ? ನೀವು ಯಾವ ಸಬ್ಜೆಕ್ಟ್ ಓದಿದ್ದೀರಿ?"

ಉತ್ತರ ಕೊಟ್ಟದ್ದು ಮಗಳು.

"ಅಪ್ಪ, ಅವತ್ತು ನಾನು ದ್ರೌಪದಿ ಮಾತು ಮರೆತೆನಲ್ಲ, ಆಗ ಅಜ್ಜಿ ತುಟಿ ಆಡ್ತಿತ್ತು. ಅದನ್ನ ನೋಡ್ಕೊಂಡೇ ನಾನು ಹೇಳಿದ್ದು. ಅಜ್ಜೀಗೆ ಇಡೀ ನಾಟಕ ಬರುತ್ತೆ."

ನಮ್ಮ ಕಡೆಯ ನಾಟಕಗಳಲ್ಲಿ ಗಂಡು ಪಾತ್ರಗಳು ಊರವರಿಗೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅತ್ತೆ ಹುಡುಗಿಯಾಗಿದ್ದ ಕಾಲದಲ್ಲಿ ತಿಂಗಳುಗಟ್ಟಲೆ ಪ್ರಾಕ್ಟೀಸು ನಡೆಯುತ್ತಿದ್ದದ್ದು ನಮ್ಮ ತಾತನ ಜಗಲಿಯಲ್ಲಿ. ಕಾಫಿ ಲೋಟ ಹಿಡಿದು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದದ್ದು ಈ ಅತ್ತೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ನಿಂತವರು ಏನು ಮಾಡುತ್ತಿದ್ದರು ಎಂದು ಮಾತ್ರ ನಾನು ಯೋಚಿಸಿರಲಿಲ್ಲ.

"ಅಜ್ಜಿ, ಆ ಮಾತು ಹೇಳಿ" ಎಂದಳು ಮಗಳು.

ಅತ್ತೆ ಸೆರಗು ಸರಿಮಾಡಿಕೊಂಡರು. ಬಸ್ಸಿನ ಧೂಳು ಮೆತ್ತಿದ ಸೀರೆಯಲ್ಲಿ ನೆಟ್ಟಗೆ ನಿಂತು, ನಾನು ಎಂದೂ ಕೇಳಿರದ ದನಿಯಲ್ಲಿ, ಒಂದಕ್ಷರವೂ ಹಳ್ಳಿಯ ಮಾತಿಗೆ ಜಾರದಂತೆ ಹೇಳಿದರು:

"ಸಭಿಕರೇ, ನನ್ನನ್ನು ಪಣಕ್ಕಿಡುವ ಮುನ್ನ, ನನ್ನನ್ನು ಒಂದು ಮಾತು ಕೇಳಿದವರು ಯಾರು?"

ಕೌಂಟರಿನ ಗುಮಾಸ್ತರು ಎದ್ದು ನಿಂತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ. ವರ್ಷವರ್ಷವೂ ಊರ ಮಕ್ಕಳಿಗೆಲ್ಲ ಚಾರ್ಟು ತೋರಿಸುವ ನಾನು, ನನ್ನ ಮಗಳನ್ನು ಆ ದಿನ ಮೊದಲ ಸಲ ಕೇಳಿದೆ: "ನಿನಗೇನು ಬೇಕಮ್ಮ?"

"ಆರ್ಟ್ಸ್ ಅಪ್ಪ. ಆಮೇಲೆ ನಾಟಕ."

ಹೊಸ ಫಾರಂ ಕೇಳಿ ತುಂಬಿ ಕೊಟ್ಟೆವು. ಹೊರಡುವಾಗ ಅತ್ತೆ ನನ್ನ ತೋಳು ಹಿಡಿದು, ಯಾರಿಗೂ ಕೇಳಿಸದ ಹಾಗೆ, "ಇನ್ನೊಂದು ಖಾಲಿ ಫಾರಂ ಕೊಟ್ಟಾರೇನ್ಲಾ?" ಎಂದರು.

"ಯಾರಿಗೆ ಅತ್ತೆ?"

"ಯಾರ್ಗೂ ಇಲ್ಲ. ಸುಮ್ಕೆ."

ಇಸಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತೆ. ಹೆಸರಿನ ಜಾಗದಲ್ಲಿ ಅತ್ತೆಯ ಹೆಸರು ಬರೆದೆ. ವಿಷಯಗಳ ಪಟ್ಟಿಯ ಕೆಳಗೆ ಹೊಸದೊಂದು ಚೌಕ ಎಳೆದು, ಮುಂದೆ 'ನಾಟಕ' ಎಂದು ದುಂಡಗೆ ಬರೆದು, ಟಿಕ್ ಹಾಕಿ ಅವರ ಕೈಗಿಟ್ಟೆ. ಕಣ್ಣು ಮಂಜಾಗಿ ಗೆರೆ ಸ್ವಲ್ಪ ಸೊಟ್ಟಗಾಗಿತ್ತು.

ಅತ್ತೆ ಫಾರಂ ಎತ್ತಿ ಬೆಳಕಿಗೆ ಹಿಡಿದರು. ಎರಡು ಬೆರಳಲ್ಲಿ ನಿಧಾನವಾಗಿ ಸವರಿದರು.

"ಫಸ್ಟ್ ಗ್ರೇಡು ಕಣ್ಲಾ" ಎಂದರು.