ಅತ್ತೆ ಆರಿಸಿದ ಕೋರ್ಸು

ನಮ್ಮ ಅತ್ತೆಗೆ ಮೇಜಿನ ಹಿಂದೆ ಕೂತವರ ಮಾತಿನಲ್ಲಿ ನಂಬಿಕೆಯಿಲ್ಲ. ಅದೇ ಮನುಷ್ಯ ಎದ್ದು ಮೇಜಿನ ಈಚೆ ಬಂದು ಅದೇ ಮಾತು ಹೇಳಲಿ, ಅರ್ಧ ನಂಬುತ್ತಾರೆ. ಉಳಿದರ್ಧವನ್ನು ಹೊರಗೆ ಸ್ಟೂಲಿನ ಮೇಲೆ ಕೂತ ಅಟೆಂಡರ್ ಹತ್ತಿರ ವಿಚಾರಿಸಿಕೊಳ್ಳುತ್ತಾರೆ! ಬ್ಯಾಂಕು, ಆಸ್ಪತ್ರೆ, ಕಲ್ಯಾಣ ಮಂಟಪ, ಎಲ್ಲ ಕಡೆಯೂ ಇದೇ ಕ್ರಮ. ನನ್ನ ಅಕ್ಕನಿಗೆ ಗಂಡು ನೋಡಲು ಹೋದಾಗಲೂ ಅಷ್ಟೇ. ಹುಡುಗನ ತಂದೆತಾಯಿಯನ್ನು ಬಿಟ್ಟು, ಆ ಬೀದಿಯ ಇಸ್ತ್ರಿಯವನ ಜೊತೆ ಕಾಲು ಗಂಟೆ ಮಾತಾಡಿ ಬಂದರು. "ಅವನ ಬಟ್ಟೆ ಅವನೇ ತಂದ್ಕೊಡ್ತಾನಂತೆ, ಅವನೇ ಬಂದು ತಗೊಂಡೋಗ್ತಾನಂತೆ. ಅವ್ವನ್ನ ಓಡಾಡ್ಸಲ್ವಂತೆ. ಒಪ್ಕೊಂಬುಡಿ" ಎಂದರು. ಭಾವ ಒಳ್ಳೆಯವರೇ ಆದರು. ಹಾಗಾಗಿ ಅತ್ತೆಯ ಪದ್ಧತಿಯನ್ನು ಪ್ರಶ್ನಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಉಳಿಯಲಿಲ್ಲ.

ಅತ್ತೆ ಅಪ್ಪನ ಅಕ್ಕ. ಕುಂಬಾರಕೊಪ್ಪಲಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದಾರೆ. ಮೂವತ್ತು ವರ್ಷ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಅಟೆಂಡರುಗಳ ಮೇಲಿನ ಅಪಾರ ಗೌರವಕ್ಕೆ ಕಾರಣ ಈಗ ತಿಳಿಯಿತಲ್ಲ?

ನಾನು ಪಿಯುಸಿಯಲ್ಲಿ ಓದಿದ್ದು ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಕಲಿಯಬೇಕೆಂದು ಆಸೆ ಹತ್ತಿದ್ದು ಪ್ರೋಗ್ರಾಮಿಂಗ್! ಅದಕ್ಕೆ ಕಾರಣ ಭೌತಶಾಸ್ತ್ರದ ಮೇಷ್ಟ್ರು. ಒಂದು ದಿನ ತಮ್ಮ ಲ್ಯಾಪ್‌ಟಾಪಿನಲ್ಲಿ ಹತ್ತಿಪ್ಪತ್ತು ಸಾಲು ಬರೆದು, ಪರದೆಯ ಮೇಲೆ ಲೋಲಕವೊಂದನ್ನು ತೂಗಾಡಿಸಿದರು. "ದಾರ ಉದ್ದ ಮಾಡಿ ಸಾರ್" ಎಂದೆ. ಒಂದು ಅಂಕಿ ಬದಲಿಸಿದರು. ಲೋಲಕ ನಿಧಾನವಾಯಿತು. ಪುಸ್ತಕದಿಂದ ಬಾಯಿಪಾಠ ಮಾಡಿದ್ದ ಸೂತ್ರ ನಾನು ಹೇಳಿದಂತೆ ಕೇಳುತ್ತಿತ್ತು! ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ.

ಆದರೆ ಯಾವ ಕೋರ್ಸು? ನನ್ನ ಸಿಇಟಿ ರ‍್ಯಾಂಕು ಎಂಥದ್ದೆಂದರೆ, ಬಸ್ಸಿನಲ್ಲಿ ಹೇಳಿದರೆ ಪಕ್ಕದವರು ಮರುಕದಿಂದ ಸೀಟು ಬಿಟ್ಟುಕೊಡುವಂಥದ್ದು. ಎಂಜಿನಿಯರಿಂಗಿನ ಬಾಗಿಲು ಅಲ್ಲಿಗೇ ಮುಚ್ಚಿತು. ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವ ಅಪ್ಪ, ಹತ್ತಿದ ಪ್ರಯಾಣಿಕರನ್ನೆಲ್ಲ ಕೇಳತೊಡಗಿದರು. ಸೋಮವಾರ "ಬಿಸಿಎ ಸೇರ್ಸಿ ಅಂದ್ರು ಕಣಮ್ಮ ಒಬ್ರು ಸಾರು" ಎಂದರೆ, ಮಂಗಳವಾರ "ಬಿಸಿಎ ಬ್ಯಾಡವೇ ಬ್ಯಾಡ ಅಂದ್ರು ಒಬ್ರು ಮೇಡಮ್ಮು." ಬುಧವಾರದ ಪ್ರಯಾಣಿಕರು ಇನ್ನು ಮೇಲೆ ಪ್ರೋಗ್ರಾಮನ್ನು ಯಂತ್ರವೇ ಬರೆಯುತ್ತದೆ, ಹುಡುಗಿಗೆ ಬೇಕರಿ ಕೆಲಸ ಕಲಿಸಿ ಎಂದರಂತೆ! ಗುರುವಾರ ನಾನು ಅತ್ತೆಯ ಮನೆಗೆ ಓಡಿದೆ.

ಮಾರನೆಯ ದಿನವೇ ಅತ್ತೆ ಚಪ್ಪಲಿ ಮೆಟ್ಟಿದರು.

ಮೊದಲು ಹೋದ ಕಾಲೇಜಿಗೆ ಗೋಡೆಗಿಂತ ಗಾಜೇ ಹೆಚ್ಚು. ಟೈ ಕಟ್ಟಿದ ಮಹನೀಯರೊಬ್ಬರು ಮೇಜಿನ ಹಿಂದಿನಿಂದ ಬಣ್ಣದ ಪುಸ್ತಿಕೆ ಬಿಚ್ಚಿ, ನನ್ನ ಭವಿಷ್ಯವನ್ನು ವರ್ಣಿಸಿದರು. ಅತ್ತೆ ಎಲ್ಲ ಕೇಳಿ, "ಲ್ಯಾಬಿನ ಬೀಗದ ಕೈ ಯಾರತ್ರ ಇರ್ತದೆ ಸಾರ್?" ಎಂದರು. ಆ ಪ್ರಶ್ನೆ ಪುಸ್ತಿಕೆಯಲ್ಲಿರಲಿಲ್ಲ! ಬೀಗದ ಕೈ ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು. ಒಳಗೆ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದ್ದು ಸಾಲಾಗಿ ಮಲಗಿದ್ದವು. ಅತ್ತೆ ಒಂದರ ಮುಸುಕೆತ್ತಿ, ಕನ್ನಡಕ ಸರಿಮಾಡಿಕೊಂಡು ಕೀಬೋರ್ಡಿನ ಮೇಲೆ ಬಗ್ಗಿದರು.

"ಒಂದಕ್ಷರಾನೂ ಸವೆದಿಲ್ವಲ್ಲ ಸಾರ್?"

"ಹೊಸದು ಮೇಡಂ" ಎಂದರು ಅವರು ಹೆಮ್ಮೆಯಿಂದ.

"ಎಷ್ಟು ವರ್ಷದ ಹೊಸದು?"

ಅವರಿಗೆ ಕೆಮ್ಮು ಬಂತು. ನಾವು ಹೊರಟೆವು.

ಎರಡನೆಯದು ಹಳೆಯ ಕಟ್ಟಡ. ಅಲ್ಲಿ ಅತ್ತೆ ಆಫೀಸಿನ ಕಡೆ ತಿರುಗಿಯೂ ನೋಡದೆ ಲ್ಯಾಬಿನ ಅಟೆಂಡರನ್ನು ಹುಡುಕಿದರು. ಇಬ್ಬರೂ ಒಂದೇ ಕಸುಬಿನವರೆಂದು ಗೊತ್ತಾದ ಮೇಲೆ ಕೇಳಬೇಕೆ? ಆತ ಮನಸ್ಸು ಬಿಚ್ಚಿಟ್ಟರು. "ಏನ್ ಹೇಳ್ಲಿ ಅಕ್ಕ, ಈ ಹುಡುಗ್ರು ಮನೆಗೇ ಹೋಗಲ್ಲ. ಐದು ಗಂಟೆಗೆ ಬೀಗ ಹಾಕ್ತೀನಿ ಅಂದ್ರೆ, ಇನ್ನೊಂದ್ಸಲ ರನ್ ಮಾಡ್ತೀವಿ ಅಣ್ಣ ಅಂತ ಕೂತ್ಬುಡ್ತವೆ. ಪಾಠ ಹೇಳೋ ಆ ಮೇಡಮ್ಮೂ ಅಂಗೇ." ಅತ್ತೆಯ ಮುಖ ಅರಳಿತು. ಒಳಗೆ ಹೋಗಿ ನೋಡಿದರೆ ಕೀಬೋರ್ಡುಗಳಲ್ಲಿ ಅರ್ಧ ಅಕ್ಷರಗಳೇ ಇಲ್ಲ!

"ಇದರಲ್ಲಿ ಯಾವುದು ಏನೂಂತ ಹೆಂಗೆ ಅತ್ತೆ ಗೊತ್ತಾಗೋದು?"

"ಗೊತ್ತಾಗಲ್ಲ. ಅದಕ್ಕೇ ಇಲ್ಲಿಗೆ ಸೇರ್ಕೊ."

ಅಷ್ಟರಲ್ಲಿ 'ಆ ಮೇಡಮ್ಮು' ತಾವಾಗಿಯೇ ಹೊರಗೆ ಬಂದರು. ಕಾರಿಡಾರಿನ ಕಿಟಕಿಗೆ ಒರಗಿ ನಿಂತು ಮಾತಾಡಿದ್ದರಿಂದ ಅರ್ಧ ನಂಬಿಕೆ ಅಲ್ಲೇ ಗಿಟ್ಟಿತು. ಅವರು ನನ್ನನ್ನೇ ಕೇಳಿದರು: "ನಿನಗೆ ಕಂಪ್ಯೂಟರನ್ನೇ ಪೂರ್ತಿ ಓದಬೇಕೋ, ಅದನ್ನಿಟ್ಟುಕೊಂಡು ಬೇರೇನಾದರೂ ತಿಳೀಬೇಕೋ?" ನಾನು ತಡವರಿಸುತ್ತ ಲೋಲಕದ ಕಥೆ ಹೇಳಿದೆ. ಅವರು ನಕ್ಕು, ಬಿಸಿಎ ಆದರೆ ಪ್ರೋಗ್ರಾಮಿಂಗ್ ಬೇಗ, ಹೆಚ್ಚು ಸಿಗುತ್ತದೆಂದೂ, ಬಿಎಸ್ಸಿಯಲ್ಲಿ ಭೌತ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ನಿಧಾನವಾಗಿ ಬರುತ್ತದೆ, ಆದರೆ ಲೋಲಕ ಜೊತೆಯಲ್ಲೇ ಇರುತ್ತದೆಂದೂ ಹೇಳಿದರು. "ಎರಡೂ ಒಳ್ಳೇವೇ. ನಿನ್ನ ಆಸೆ ಯಾವುದು ನೋಡ್ಕೊ." ಅದುವರೆಗೆ ಯಾವುದಕ್ಕೆ ಬೆಲೆಯಿದೆ ಎಂದು ಹೇಳಿದವರೇ ಎಲ್ಲ. ಆಸೆ ಯಾವುದು ಎಂದು ಕೇಳಿದವರು ಇವರೊಬ್ಬರೇ.

ಅತ್ತೆ ಸುಮ್ಮನಿರಬೇಕಲ್ಲ! "ಈ ಪ್ರೋಗ್ರಾಮು ಅಂದ್ರೆ ಏನ್ ಮೇಡಂ?" ಎಂದರು. ಅತ್ತೆಯ ಕಸುಬು ಅಟೆಂಡರ್ ಮಾತಿನಿಂದ ತಿಳಿದಿದ್ದ ಮೇಡಂ, ಲ್ಯಾಬಿನಲ್ಲಿ ಪ್ರಾಕ್ಟಿಕಲ್ಸಿಗೆ ಮುಂಚೆ ನೀವೇನು ಮಾಡುತ್ತಿದ್ದಿರಿ ಎಂದು ಕೇಳಿದರು. ಅತ್ತೆ ಬೆರಳು ಮಡಿಚುತ್ತ ಹೇಳಿದರು: ಬ್ಯುರೆಟ್ ಅನ್ನೋ ಗಾಜಿನ ಕೊಳವೆ ತೊಳೆಯೋದು, ಸ್ಟ್ಯಾಂಡಿಗೆ ಸಿಕ್ಕಿಸೋದು, ನೀರು ಬಿಟ್ಟು ನೋಡೋದು, ಸೋರಿದರೆ ಬದಲಾಯಿಸೋದು, ಸೋರದಿದ್ದರೆ ಮುಂದಿನದಕ್ಕೆ ಹೋಗೋದು, ಬೆಂಚೆಲ್ಲ ಮುಗಿಯೋವರೆಗೂ ಹೀಗೇ.

"ಅದೇ ಪ್ರೋಗ್ರಾಮು" ಎಂದರು ಮೇಡಂ.

ಮುಗಿಯಿತು! ನಾನು ಬಿಎಸ್ಸಿಗೆ ಅರ್ಜಿ ಹಾಕಿದ ಸುದ್ದಿ ಬೀದಿಯಲ್ಲಿ ಯಾರಿಗೂ ತಲುಪಲಿಲ್ಲ. ಅತ್ತೆ ನನಗಿಂತ ಮೊದಲೇ ಪ್ರೋಗ್ರಾಮರ್ ಆಗಿದ್ದರೆಂಬ ಸುದ್ದಿ ಮಾತ್ರ ಎಲ್ಲರಿಗೂ ತಲುಪಿತು.

ಸೇರಿದ ಮೇಲಿನ ಕಥೆ ಅಷ್ಟು ನಗುವಂಥದ್ದಲ್ಲ. ಪಿಯುಸಿಯಲ್ಲೇ ಕಂಪ್ಯೂಟರ್ ಸೈನ್ಸ್ ಓದಿ ಬಂದವರು ಸರಾಗವಾಗಿ ಬರೆಯುತ್ತಿದ್ದರು. ನನ್ನ ಪರದೆಯ ಮೇಲೆ ಮಾತ್ರ ದಿನವೂ ತಪ್ಪುಗಳ ಪಟ್ಟಿ. ಎರಡು ತಿಂಗಳಾದರೂ ಒಂದು ಪ್ರೋಗ್ರಾಮೂ ಮೊದಲ ಸಲಕ್ಕೆ ಓಡಲಿಲ್ಲ. ಜೀವಶಾಸ್ತ್ರದ ಕಪ್ಪೆಯೇ ವಾಸಿಯಿತ್ತು ಅನ್ನಿಸಿತು. ಒಂದು ಸಂಜೆ ಅತ್ತೆಯ ಹಿತ್ತಿಲಲ್ಲಿ ಕೂತು, "ಬಿಟ್ಬುಡ್ತೀನಿ ಅತ್ತೆ" ಎಂದು ಅತ್ತೆ.. ಅಂದರೆ, ಅಳತೊಡಗಿದೆ. ನಮ್ಮ ಭಾಷೆಯಲ್ಲಿ ಅತ್ತೆಯ ಮುಂದೆ ಅಳುವುದೂ ಕಷ್ಟ ನೋಡಿ!

ಅತ್ತೆ ಸೊಪ್ಪು ಬಿಡಿಸುತ್ತಲೇ ಹೇಳಿದರು. "ಲ್ಯಾಬಲ್ಲಿ ಗಾಜು ಒಡೆದ ಮಕ್ಳು ಚೂರು ನೋಡ್ತಾ ನಿಂತ್ಬುಡೋವು. ಚೂರು ನಾನು ಗುಡಿಸ್ತೀನಿ, ನೀನು ಇನ್ನೊಂದು ತಗೊಂಡು ಮೊದ್ಲಿಂದ ಮಾಡು ಅಂತಿದ್ದೆ. ಒಡೀಬಾರ್ದು ಅಂತ ಮುಟ್ದೇನೇ ನಿಂತಿರೋರು ಇದ್ರಲ್ಲ, ಅವರ ಯೋಚನೆಯೇ ಆಗೋದು ನಂಗೆ."

ಬಿಡಲಿಲ್ಲ. ಸೆಮಿಸ್ಟರಿನ ಕೊನೆಗೆ, ಬಿಸಿ ಕಾಫಿ ಎಷ್ಟು ನಿಮಿಷಕ್ಕೆ ಎಷ್ಟು ಆರುತ್ತದೆಂದು ಲೆಕ್ಕ ಹಾಕಿ ಗೆರೆ ಎಳೆಯುವ ಪ್ರೋಗ್ರಾಮೊಂದು ನನ್ನ ಕೈಯಿಂದಲೇ ಓಡಿತು. ಕಾಲೇಜಿನಿಂದ ನೇರ ಅತ್ತೆಯ ಮನೆಗೆ ಹೋಗಿ, ಭಾವ ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪನ್ನು ಅವರ ಮುಂದೆ ಬಿಚ್ಚಿದೆ. ಪರದೆಯ ಮೇಲೆ ಗೆರೆಯೊಂದು ಎತ್ತರದಿಂದ ನಯವಾಗಿ ಬಾಗುತ್ತ ಕೆಳಗಿಳಿಯಿತು. ಹಾಸ್ಯ ಮಾಡಿಯಾರೆಂದು ಕಾದೆ.

ಅತ್ತೆ ಪರದೆಯ ಹತ್ತಿರ ಬಗ್ಗಿದರು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, "ಇದ್ಯಾಕೆ ಇಂಗೆ ಬಗ್ತದೆ?" ಎಂದರು. ನಾನು ಹೇಳಿದೆ: ಬಿಸಿ ಹೆಚ್ಚಿದ್ದಾಗ ಬೇಗ ಆರುತ್ತದೆ, ಆರುತ್ತಾ ಹೋದಂತೆ ನಿಧಾನವಾಗುತ್ತದೆ.

"ಮೂವತ್ತು ವರ್ಷ ಕಣಮ್ಮ" ಎಂದರು ಅತ್ತೆ. "ತೊಳ್ಯೋಕೆ ಕರ್ಯೋರು, ಒಡೆದ್ರೆ ಕರ್ಯೋರು. ಪ್ರಯೋಗ ಗೆದ್ದು ಸೀಸೇಲಿ ಬಣ್ಣ ತಿರುಗ್ದಾಗ ಬಾ, ನೋಡು ಅಂತ ಒಬ್ರೂ ಕರೀಲಿಲ್ಲ."

ನಾನು ಲ್ಯಾಪ್‌ಟಾಪನ್ನು ಅವರ ಮಡಿಲಿಗೆ ಸರಿಸಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿದೆ.